57ಕ್ಕೇ ಕೆಲಸ ಬಿಟ್ಟೆ. ಉಳಿದ ವರ್ಷಗಳ ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ಕೈಯಿಂದ ಕಟ್ಟಬೇಕಾ?

ಹಾಸನದ_ಹುಡುಗ (ರೆಡಿಂಗ್), 10 ಜನವರಿ 2026

ಎಲ್ಲರಿಗೂ ನಮಸ್ಕಾರ. ಹೋದ ಜುಲೈನಲ್ಲಿ ಕೆಲಸ ಬಿಟ್ಟೆ. ನನಗೀಗ 57. ಇಂಗ್ಲೆಂಡಿಗೆ ಬಂದಿದ್ದು 2002ರ ಸೆಪ್ಟೆಂಬರ್‌ನಲ್ಲಿ. ಮನೆ ಸಾಲ ತೀರಿದೆ, ಮಗಳು ಕೆಲಸಕ್ಕೆ ಸೇರಿದ್ದಾಳೆ, ಮಗ ಈ ವರ್ಷ ಎ ಲೆವೆಲ್ ಬರೆಯುತ್ತಾನೆ. ಕಂಪನಿ ಪೆನ್ಷನ್ ಮತ್ತೆ ಉಳಿತಾಯದಲ್ಲಿ ಮನೆ ನಡೆಯುತ್ತೆ. ಆದರೆ ಸ್ಟೇಟ್ ಪೆನ್ಷನ್, ಅಂದರೆ ಎನ್‌ಐ ವಂತಿಗೆ ಕಟ್ಟಿದ ವರ್ಷಗಳ ಲೆಕ್ಕದ ಮೇಲೆ ಸರ್ಕಾರ ಕೊಡುವ ಪೆನ್ಷನ್ ವಿಷಯದಲ್ಲಿ ತಲೆ ಕೆಟ್ಟಿದೆ.

ಮೊನ್ನೆ ರಾತ್ರಿ ಊಟ ಆದ ಮೇಲೆ ಸರ್ಕಾರಿ ವೆಬ್‌ಸೈಟಿಗೆ ಹೋಗಿ ನನ್ನ ಫೋರ್‌ಕಾಸ್ಟ್ (ಮುಂದೆ ಎಷ್ಟು ಪೆನ್ಷನ್ ಬರಬಹುದು ಅನ್ನೋ ಅಂದಾಜು) ತೆಗೆದೆ. ಎರಡು ಸಂಖ್ಯೆ ಇದೆ. 2025ರ ಏಪ್ರಿಲ್ 5ರವರೆಗಿನ ದಾಖಲೆ ನೋಡಿದರೆ ವಾರಕ್ಕೆ 144.73 ಪೌಂಡ್. ಇನ್ನು ಮುಂದೆಯೂ ಪ್ರತಿ ವರ್ಷ ಕಟ್ಟುತ್ತಾ ಹೋದರೆ 210.51. ಈ ವರ್ಷದ ಪೂರ್ತಿ ಪೆನ್ಷನ್ 230.25. ಏನೇ ಮಾಡಿದರೂ ಅಲ್ಲಿಗೆ ನಾನು ಮುಟ್ಟಲ್ಲ.

ಕಾರಣ ಗೊತ್ತು. ತಡವಾಗಿ ಬಂದೆ, ಜೊತೆಗೆ 2009-10ರಲ್ಲಿ ಒಂದು ವರ್ಷ ಖಾಲಿ ಇದೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆದಿತ್ತು, ಸಂಬಳವಿಲ್ಲದ ರಜೆ ಹಾಕಿ ಹಾಸನದಲ್ಲಿ ಅವರ ಹಾಸಿಗೆ ಪಕ್ಕದಲ್ಲೇ ಕೂತಿದ್ದೆ. ಆ ವರ್ಷದ ಮುಂದೆ ಈಗ 'ಪೂರ್ತಿ ಆಗಿಲ್ಲ, ಕಟ್ಟುವ ಕಾಲ ಮುಗಿದಿದೆ' ಅಂತ ಬರೆದಿದೆ. 2006ರವರೆಗಿನ ಹಳೇ ಗ್ಯಾಪ್‌ಗಳನ್ನು ತುಂಬಲು ಕೊಟ್ಟಿದ್ದ ಅವಕಾಶ 2025ರ ಏಪ್ರಿಲ್ 5ಕ್ಕೆ ಮುಗಿಯಿತಂತೆ. ಆಗ ಎಲ್ಲಾ ಕಡೆ ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಹೊಟ್ಟೆ ಉರಿಯುತ್ತಿದೆ.

ನನ್ನ ಪ್ರಶ್ನೆಗಳು ಇಷ್ಟು. ಈ ವರ್ಷ ಏಪ್ರಿಲ್‌ನಿಂದ ಜುಲೈವರೆಗೆ ಮಾತ್ರ ದುಡಿದಿದ್ದೇನೆ, ಹಾಗಾದರೆ 2025-26ಕ್ಕೂ ಕೈಯಿಂದ ಕಟ್ಟಬೇಕಾ? ಮುಂದಿನ ವರ್ಷಗಳಿಗೆ ಕಟ್ಟಿದರೆ ಆ ದುಡ್ಡು ವಾಪಸ್ ಬರುತ್ತಾ? ಇನ್ನೊಂದು ಮಾತು. 67ಕ್ಕೆ ಪೆನ್ಷನ್ ಶುರುವಾದ ಮೇಲೆ ಊರಿಗೆ ಹೋಗಿ ಇರೋಣ ಅಂತ ನನ್ನಾಸೆ. ಹೆಂಡತಿಗೆ ಮಕ್ಕಳ ಹತ್ತಿರ ಇರಬೇಕು ಅಂತಿದೆ. ಇದರಿಂದ ಪೆನ್ಷನ್‌ಗೆ ಏನಾದರೂ ವ್ಯತ್ಯಾಸ ಆಗುತ್ತಾ? ತಿಳಿದವರು ದಯವಿಟ್ಟು ಹೇಳಿ.

---

ಲೆಕ್ಕದ_ಪುಸ್ತಕ (ಕ್ರಾಯ್ಡನ್), 10 ಜನವರಿ

ಸರ್, ಮೊದಲು ಸಮಾಧಾನದ ವಿಷಯ. 2025-26ಕ್ಕೆ ನೀವು ಒಂದು ಪೆನ್ನಿಯೂ ಕಟ್ಟಬೇಕಾಗಿಲ್ಲ. ಒಂದು ವರ್ಷ ಲೆಕ್ಕಕ್ಕೆ ಬರಲು 12 ತಿಂಗಳೂ ದುಡಿಯಬೇಕು ಅಂತೇನೂ ಇಲ್ಲ. ಆ ತೆರಿಗೆ ವರ್ಷದಲ್ಲಿ ಎನ್‌ಐ ವ್ಯಾಪ್ತಿಗೆ ಬರುವ ಸಂಬಳ 6,500 ಪೌಂಡ್ ದಾಟಿದರೆ ಸಾಕು. ನಾಲ್ಕು ತಿಂಗಳ ಸಂಬಳದಲ್ಲಿ ನಿಮ್ಮದು ಖಂಡಿತ ದಾಟಿರುತ್ತೆ. ವೆಬ್‌ಸೈಟಿನಲ್ಲಿ ಅದು ಇನ್ನೂ ಕಾಣಿಸಲ್ಲ, ಅಷ್ಟೆ. ಏಪ್ರಿಲ್ ಕಳೆದು ಕೆಲವು ತಿಂಗಳಾದ ಮೇಲೆ ನೋಡಿ. ಈಗ ಅವಸರ ಮಾಡಿ ಕಟ್ಟಿದರೆ ಅದನ್ನು ವಾಪಸ್ ಕೇಳುತ್ತಾ ಓಡಾಡಬೇಕಾಗುತ್ತೆ.

ಈಗ ಲೆಕ್ಕ. ಪೂರ್ತಿ ಪೆನ್ಷನ್‌ಗೆ 35 ವರ್ಷ ಬೇಕು. ಕನಿಷ್ಠ 10 ಇಲ್ಲದಿದ್ದರೆ ಏನೂ ಇಲ್ಲ. ಒಂದು ವರ್ಷ ಸೇರಿದರೆ 230.25ರಲ್ಲಿ 35ನೇ ಒಂದು ಪಾಲು, ಅಂದರೆ ವಾರಕ್ಕೆ ಸುಮಾರು 6.58 ಪೌಂಡ್ ಜಾಸ್ತಿ ಬರುತ್ತೆ. ವರ್ಷಕ್ಕೆ 342. ನಾವಾಗಿ ಕೈಯಿಂದ ಕಟ್ಟುವ ಎನ್‌ಐಗೆ ಕ್ಲಾಸ್ 3 ಅಂತಾರೆ, ಈ ವರ್ಷ ಅದರ ದರ ವಾರಕ್ಕೆ 17.75, ವರ್ಷಕ್ಕೆ 923. ಎರಡು ವರ್ಷ ಎಂಟು-ಒಂಬತ್ತು ತಿಂಗಳು ಪೆನ್ಷನ್ ತಗೊಂಡರೆ ಹಾಕಿದ್ದು ಕೈಗೆ ಬಂತು. ಆಮೇಲೆ ಬರುವುದೆಲ್ಲ ಲಾಭ, ಬದುಕಿರುವವರೆಗೆ. 20% ತೆರಿಗೆ ಕಟ್ಟುವವರಾದರೆ ವಾಪಸ್ ಬರಲು ಸುಮಾರು ಮೂರೂವರೆ ವರ್ಷ ಅಂತಿಟ್ಟುಕೊಳ್ಳಿ. ಸ್ಟೇಟ್ ಪೆನ್ಷನ್‌ಗೂ ತೆರಿಗೆ ಇದೆ ಅನ್ನೋದನ್ನು ತುಂಬಾ ಜನ ಮರೀತಾರೆ.

ನಿಮ್ಮ ಹುಟ್ಟಿದ ತಿಂಗಳು ಯಾವುದು? ಪೆನ್ಷನ್ ವಯಸ್ಸಿಗೆ ಬರುವ ತೆರಿಗೆ ವರ್ಷವನ್ನು ಲೆಕ್ಕಕ್ಕೆ ತಗೊಳ್ಳಲ್ಲ, ಅದಕ್ಕೆ ಕೇಳಿದೆ.

---

ಹಾಸನದ_ಹುಡುಗ (ರೆಡಿಂಗ್), 10 ಜನವರಿ

1968ರ ಆಗಸ್ಟ್.

---

ಲೆಕ್ಕದ_ಪುಸ್ತಕ (ಕ್ರಾಯ್ಡನ್), 10 ಜನವರಿ

ಹಾಗಾದರೆ 2035ರ ಆಗಸ್ಟ್‌ನಲ್ಲಿ ನಿಮಗೆ 67. ಈಗ ದಾಖಲೆಯಲ್ಲಿರೋದು 22 ವರ್ಷ, ಈ ವರ್ಷ ಸೇರಿ 23. ಮುಂದೆ ಕಟ್ಟಬಹುದಾದದ್ದು 2026-27ರಿಂದ 2034-35ರವರೆಗೆ, ಒಟ್ಟು 9 ವರ್ಷ. 23 ಮತ್ತೆ 9, ಅಲ್ಲಿಗೆ 32. ಅದಕ್ಕೇ ನಿಮಗೆ 210.51 ತೋರಿಸುತ್ತಿರೋದು. ಇವತ್ತಿನ ದರದಲ್ಲಿ 9 ವರ್ಷಕ್ಕೆ 8,307 ಪೌಂಡ್ ಖರ್ಚು, ವರ್ಷಕ್ಕೆ 3,079 ಪೌಂಡ್ ಜಾಸ್ತಿ ಪೆನ್ಷನ್. ಎರಡೂ ದರ ಪ್ರತಿ ಏಪ್ರಿಲ್‌ಗೆ ಬದಲಾಗುತ್ತೆ. ಈ ಏಪ್ರಿಲ್‌ನಿಂದ ಪೂರ್ತಿ ಪೆನ್ಷನ್ 241.30 ಆಗುತ್ತೆ.

ಇಲ್ಲೇ ಇರೋದಾದರೆ ಯೋಚನೆ ಮಾಡದೆ ಕಟ್ಟಿ ಅಂತೀನಿ. ಊರಿಗೆ ಹೋಗೋದಾದರೆ ವಿಷಯ ಬೇರೆ. ಅದನ್ನು ಇಲ್ಲಿಂದ ಮೈಸೂರಿಗೆ ಹೋಗಿ ನೆಲೆಸಿರುವ ಹಿರಿಯರು, ಕಾವೇರಿ_ತೀರ ಅವರು, ನನಗಿಂತ ಚೆನ್ನಾಗಿ ಹೇಳುತ್ತಾರೆ.

---

ಮಲೆನಾಡ_ಮಳೆ (ಲೀಡ್ಸ್), 11 ಜನವರಿ

35 ಅನ್ನೋ ಸಂಖ್ಯೆ ಬಗ್ಗೆ ಒಂದು ಮಾತು. ಅದನ್ನೇ ನಂಬಿ ಕೂತು ನಾನು ಪೆಟ್ಟು ತಿಂದೆ.

ನಾನು 1986ರಲ್ಲಿ ಮದುವೆಯಾಗಿ ಬಂದವಳು. ಶಾಲೆಯೊಂದರ ಆಫೀಸಿನಲ್ಲಿ ಸೇರಿ, 58ಕ್ಕೆ, 2023ರ ಮೇ ತಿಂಗಳಲ್ಲಿ ಬಿಟ್ಟೆ. 36 ವರ್ಷ ಆಗಿದೆ, ಇನ್ನೇನು ಚಿಂತೆ ಅಂದುಕೊಂಡಿದ್ದೆ. ಫೋರ್‌ಕಾಸ್ಟ್ ತೆಗೆದು ನೋಡಿದರೆ ಪೂರ್ತಿ ಪೆನ್ಷನ್‌ಗೆ ಇನ್ನೂ ನಾಲ್ಕು ವರ್ಷ ಬೇಕು ಅಂತಿತ್ತು! ಕಣ್ಣನ್ನೇ ನಂಬಲಿಲ್ಲ. ಆಮೇಲೆ ಗೊತ್ತಾಯಿತು, 2016ರ ಏಪ್ರಿಲ್‌ಗೆ ಮುಂಚೆ ನಾನು 'ಕಾಂಟ್ರಾಕ್ಟೆಡ್ ಔಟ್' ಆಗಿದ್ದೆ. ಅಂದರೆ ಕೆಲಸದ ಪೆನ್ಷನ್ ಸ್ಕೀಮಿನಲ್ಲಿ ಇದ್ದುದಕ್ಕೆ ನಾನೂ ಶಾಲೆಯೂ ಕಡಿಮೆ ಎನ್‌ಐ ಕಟ್ಟುತ್ತಿದ್ದೆವು. ಆ ಏಪ್ರಿಲ್‌ನಲ್ಲಿ ಹೊಸ ಪೆನ್ಷನ್ ಪದ್ಧತಿ ಬಂದಾಗ ಅದನ್ನು ನನ್ನ ಆರಂಭದ ಮೊತ್ತದಲ್ಲಿ ಕಳೆದರು. 2016ರ ನಂತರದ ಪ್ರತಿ ವರ್ಷ ಪೂರ್ತಿ ಮೊತ್ತ ಮುಟ್ಟುವವರೆಗೆ 35ರಲ್ಲಿ ಒಂದು ಪಾಲು ಸೇರಿಸುತ್ತೆ. ಎನ್‌ಎಚ್‌ಎಸ್ (ಸರ್ಕಾರಿ ಆಸ್ಪತ್ರೆ ಸೇವೆ), ಶಾಲೆ, ಕೌನ್ಸಿಲ್‌ಗಳಲ್ಲಿ ಆ ಕಾಲದಲ್ಲಿ ದುಡಿದ ನಮ್ಮವರು ತುಂಬಾ ಜನ ಇದ್ದೀರಿ. ವರ್ಷ ಎಣಿಸಬೇಡಿ. ಫೋರ್‌ಕಾಸ್ಟ್ ಏನು ಹೇಳುತ್ತೆ ಅದನ್ನು ನೋಡಿ.

ನಾನು ಬಿಟ್ಟ ವರ್ಷ, 2023-24, ಅರ್ಧಂಬರ್ಧ ಆಗಿತ್ತು. ಎರಡು ತಿಂಗಳ ಸಂಬಳ ಮಾತ್ರ ಇತ್ತಲ್ಲ. 17 ವಾರ ಕಡಿಮೆ ಬಿದ್ದಿತ್ತು. ವಾರಕ್ಕೆ 17.45ರಂತೆ 296.65 ಪೌಂಡ್ ಕಟ್ಟಿದೆ, ವರ್ಷ ಪೂರ್ತಿ ಆಯಿತು. ಇಂಥ ಅರೆಬರೆ ವರ್ಷ ಯಾರಿಗಾದರೂ ಇದ್ದರೆ ಮೊದಲು ಅದನ್ನು ತುಂಬಿ. ಕಮ್ಮಿ ದುಡ್ಡಿಗೆ ಅಷ್ಟೇ ಲಾಭ.

ದುಡ್ಡು ಕಳಿಸುವಾಗ ಜೋಪಾನ. 18 ಅಂಕಿಯ ರೆಫರೆನ್ಸ್ ನಂಬರ್ ಕೊಡುತ್ತಾರೆ. ನಾನು ಫೋನ್‌ನಲ್ಲಿ ಹೇಳಿದ್ದನ್ನು ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೆ. ಬ್ಯಾಂಕಿನ ಆ್ಯಪ್‌ನಲ್ಲಿ ಹಾಕುವಾಗ 3ನ್ನು 8 ಅಂತ ಓದಿಬಿಟ್ಟೆ. ದುಡ್ಡು ಹೋಯಿತು, ನನ್ನ ದಾಖಲೆಗೆ ಸೇರಲಿಲ್ಲ. ಬ್ಯಾಂಕಿನ ರಸೀದಿ ಕಳಿಸಿ, ಕಾಗದ ಬರೆದು, ಸರಿಹೋಗೋ ಹೊತ್ತಿಗೆ ಐದು ತಿಂಗಳು. ತಪ್ಪು ನನ್ನದೇ. ಆದರೆ ಆ ಐದು ತಿಂಗಳು ನಿದ್ದೆ ಇರಲಿಲ್ಲ.

---

ಕಾವೇರಿ_ತೀರ (ಮೈಸೂರು), 11 ಜನವರಿ

ಹಾಸನದವರೇ, ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಜೀವನವೇ ಉತ್ತರ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾನು ಲೆಸ್ಟರ್‌ನಲ್ಲಿ 36 ವರ್ಷ ಔಷಧಿ ಅಂಗಡಿ ನಡೆಸಿದವನು. ಸ್ವಂತ ವ್ಯಾಪಾರ. ಎನ್‌ಐ ಒಂದು ವರ್ಷವೂ ತಪ್ಪಿಸಿಲ್ಲ. 2018ರ ಅಕ್ಟೋಬರ್‌ನಲ್ಲಿ 65 ತುಂಬಿತು, ಆಗಿನ ಪೂರ್ತಿ ಪೆನ್ಷನ್ ವಾರಕ್ಕೆ 164.35 ಬಂತು. ಅದೇ ಚಳಿಗಾಲದಲ್ಲಿ ನಾನೂ ನನ್ನ ಮನೆಯವರೂ ಮೈಸೂರಿಗೆ ಬಂದೆವು. ಸರಸ್ವತಿಪುರಂನಲ್ಲಿ ಅಪ್ಪ ಕಟ್ಟಿಸಿದ ಮನೆ ಇತ್ತು.

ಇವತ್ತಿಗೂ ನನಗೆ ಬರುತ್ತಿರೋದು ವಾರಕ್ಕೆ 164.35. ಒಂದು ಪೆನ್ನಿ ಏರಿಲ್ಲ. ನಾಲ್ಕು ವಾರಕ್ಕೊಮ್ಮೆ ಖಾತೆಗೆ 657.40 ಪೌಂಡ್ ಬಂದು ಬೀಳುತ್ತೆ. ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ, ಅಂಗಡಿ ಕಾಲದ ಅಭ್ಯಾಸ. ಪ್ರತಿ ಸಾಲಿನಲ್ಲೂ ತಾರೀಖು ಬರೆದು ಪಕ್ಕದಲ್ಲಿ 657.40 ಅಂತ ಬರೆಯುತ್ತೇನೆ. ಏಳು ವರ್ಷದ ಪುಟಗಳು. ತಾರೀಖು ಮಾತ್ರ ಬದಲಾಗಿದೆ. ಅದೇ ಅಂಗಡಿ ಬೀದಿಯಲ್ಲಿ, ನನ್ನ ಹಾಗೇ ಪೂರ್ತಿ ಕಟ್ಟಿ ನನ್ನ ಜೊತೆಗೇ ನಿವೃತ್ತಿಯಾದ ಸ್ನೇಹಿತ ಲೆಸ್ಟರ್‌ನಲ್ಲೇ ಉಳಿದ. ಅವನಿಗೆ ಈಗ 230.25. ವಾರಕ್ಕೆ 65.90 ಪೌಂಡ್ ವ್ಯತ್ಯಾಸ. ಇಬ್ಬರೂ ಕಟ್ಟಿದ್ದು ಒಂದೇ.

ಕಾರಣ ಏನೆಂದರೆ, ಪ್ರತಿ ವರ್ಷದ ಏರಿಕೆ ಬ್ರಿಟನ್‌ನಲ್ಲಿ ಇರುವವರಿಗೆ, ಯುರೋಪಿನ ಬಹುತೇಕ ದೇಶಗಳಲ್ಲಿ ಇರುವವರಿಗೆ, ಮತ್ತೆ ಏರಿಕೆಗೆ ಒಪ್ಪಂದ ಇರುವ ಅಮೆರಿಕದಂಥ ಕೆಲವು ದೇಶದವರಿಗೆ ಮಾತ್ರ. ಭಾರತ ಆ ಪಟ್ಟಿಯಲ್ಲಿ ಇಲ್ಲ. ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾ, ಪಾಕಿಸ್ತಾನವೂ ಇಲ್ಲ. ಇಲ್ಲಿಗೆ ಬಂದ ದಿನ ಎಷ್ಟಿತ್ತೋ ಅಷ್ಟಕ್ಕೇ ಹೆಪ್ಪುಗಟ್ಟುತ್ತೆ. ಇದು ಅನ್ಯಾಯ ಅಂತ ನಾನು ಮನಸಾರೆ ನಂಬುತ್ತೇನೆ. ಕಟ್ಟುವಾಗ ನಮಗೆ ಯಾರೂ ರಿಯಾಯಿತಿ ಕೊಡಲಿಲ್ಲ, ಅಲ್ವಾ?

ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋದಾಗ, ತಿಳಿಸಿದರೆ, ಅಲ್ಲಿರುವಷ್ಟು ವಾರಕ್ಕೆ ಈಗಿನ ದರ ಕೊಡುತ್ತಾರೆ. ವಾಪಸ್ ಬಂದ ಕೂಡಲೇ ಮತ್ತೆ 164.35. ಪೂರ್ತಿಯಾಗಿ ಅಲ್ಲಿಗೇ ಹಿಂದಿರುಗಿದರೆ ಪೂರ್ತಿ ದರ.

ಆದರೂ ಕಟ್ಟಿದ್ದಕ್ಕೆ ನನಗೆ ವಿಷಾದ ಇಲ್ಲ. ನನ್ನ ಮನೆಯವರು ಕಡೆಯ ಎರಡು ವರ್ಷ ಹಾಸಿಗೆಯಲ್ಲಿದ್ದರು. ಮಾತ್ರೆ, ನರ್ಸ್, ಫಿಸಿಯೋ, ಎಲ್ಲಾ ಆ 657.40ರಲ್ಲೇ ನಡೆಯಿತು. ಮಕ್ಕಳ ಮುಂದೆ ಕೈ ಚಾಚಲಿಲ್ಲ.

---

ಹಾಸನದ_ಹುಡುಗ (ರೆಡಿಂಗ್), 11 ಜನವರಿ

ಸರ್, ನಿಮ್ಮ ಬರಹ ಹೆಂಡತಿಗೆ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಿಮ್ಮ ಮನೆಯವರ ವಿಷಯ ಕೇಳಿ ತುಂಬಾ ಬೇಜಾರಾಯಿತು.

ಹೆಪ್ಪುಗಟ್ಟುತ್ತೆ ಅನ್ನೋದು ನಮಗೆ ಗೊತ್ತೇ ಇರಲಿಲ್ಲ. ಆದರೆ ಲೆಕ್ಕ ಹಾಕಿದರೆ, ಹೆಪ್ಪುಗಟ್ಟಿದರೂ ಹಾಕಿದ ದುಡ್ಡು ಮೂರು ವರ್ಷದೊಳಗೆ ವಾಪಸ್ ಬರುತ್ತಲ್ವಾ?

---

ಲೆಕ್ಕದ_ಪುಸ್ತಕ (ಕ್ರಾಯ್ಡನ್), 11 ಜನವರಿ

ಬರುತ್ತೆ. ಮೊದಲ ಮೂರು ವರ್ಷದಲ್ಲಿ ಏರಿಕೆ ಇದ್ದರೂ ಇಲ್ಲದಿದ್ದರೂ ದೊಡ್ಡ ವ್ಯತ್ಯಾಸ ಆಗಲ್ಲ. ವ್ಯತ್ಯಾಸ ಕಾಣೋದು 75, 80, 85ರಲ್ಲಿ. ಬೆಲೆ ಏರುತ್ತಾ ಹೋಗುತ್ತೆ, ಪೆನ್ಷನ್ ನಿಂತಲ್ಲೇ ನಿಂತಿರುತ್ತೆ. ಊರಿಗೆ ಹೋಗುವವರಿಗೂ ಕಟ್ಟೋದು ಲಾಭವೇ. ಅದೊಂದನ್ನೇ ನಂಬಿ ಕೂರಬಾರದು ಅಷ್ಟೇ. ನಿಮ್ಮ ಕಂಪನಿ ಪೆನ್ಷನ್ ಬೇರೆ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

---

ಜಯನಗರ_4ನೇ_ಬ್ಲಾಕ್ (ಬೆಂಗಳೂರು), 12 ಜನವರಿ

ನನ್ನಂಥವರೂ ಈ ಚರ್ಚೆ ಓದುತ್ತಿರಬಹುದು ಅಂತ ಬರೀತಿದ್ದೇನೆ. ನಾನು ನಿವೃತ್ತಿ ಆಗಿಲ್ಲ, 41 ವರ್ಷ. 2018ರವರೆಗೆ ಲಂಡನ್‌ನಲ್ಲಿ ದುಡಿದು ವಾಪಸ್ ಬಂದೆ. ದಾಖಲೆಯಲ್ಲಿ 7 ವರ್ಷ ಇದೆ. 10 ಇಲ್ಲ ಅಂದರೆ ಏನೂ ಬರಲ್ಲ, ಕಟ್ಟಿದ್ದೆಲ್ಲಾ ಹೊಳೆಗೆ ಹುಣಸೆಹಣ್ಣು ತೊಳೆದ ಹಾಗೆ ಅಂದುಕೊಂಡಿದ್ದೆ.

ಹೋದ ನವೆಂಬರ್ 26ರ ಬಜೆಟ್ ಸುದ್ದಿ ನೋಡಿ ಎಚ್ಚರವಾಯಿತು. ಹೊರದೇಶದಲ್ಲಿ ಕೆಲಸ ಮಾಡುತ್ತಿರುವವರು, ಬ್ರಿಟನ್ ಬಿಡುವ ಮುಂಚೆಯೂ ಅಲ್ಲಿ ಕೆಲಸದಲ್ಲಿದ್ದರೆ, ಕ್ಲಾಸ್ 2 (ಸ್ವಂತ ಉದ್ಯೋಗಿಗಳ ಕಡಿಮೆ ಎನ್‌ಐ) ದರದಲ್ಲಿ ಕಟ್ಟಬಹುದು. ಅಂದರೆ ವಾರಕ್ಕೆ 3.50, ವರ್ಷಕ್ಕೆ 182 ಪೌಂಡ್. ಕ್ಲಾಸ್ 3ರ ಐದನೇ ಒಂದು ಪಾಲು! ಈ ಸೌಲಭ್ಯವನ್ನು 2026ರ ಏಪ್ರಿಲ್ 6ರಿಂದ ತೆಗೆಯುತ್ತಿದ್ದಾರೆ. ಜೊತೆಗೆ, ಹೊರಗಿನಿಂದ ಕಟ್ಟಲು ಈವರೆಗೆ 3 ವರ್ಷ ಅಲ್ಲಿ ಇದ್ದರೆ ಅಥವಾ 3 ವರ್ಷ ಕಟ್ಟಿದ್ದರೆ ಸಾಕಿತ್ತು. ಅದನ್ನು 10 ವರ್ಷಕ್ಕೆ ಏರಿಸುತ್ತಿದ್ದಾರೆ.

ಸಿಎಫ್ 83 ಅನ್ನೋ ಅರ್ಜಿ ಡಿಸೆಂಬರ್ ಮೊದಲ ವಾರದಲ್ಲೇ ಕಳಿಸಿದೆ. 2019-20ರಿಂದ 2024-25ರವರೆಗೆ ಆರು ವರ್ಷಕ್ಕೆ ಕೇಳಿದ್ದೇನೆ. ಒಟ್ಟು 1,100 ಪೌಂಡ್ ಒಳಗೆ ಬರುತ್ತೆ. ಒಪ್ಪಿದರೆ 13 ವರ್ಷ, ಈಗಿನ ದರದಲ್ಲಿ ವಾರಕ್ಕೆ 85.52. ನನಗೆ ಸಿಗೋದು 68ಕ್ಕೆ, ಅದೂ ಹೆಪ್ಪುಗಟ್ಟಿದ್ದು. ಇರಲಿ. ಏಳು ವರ್ಷದ ದುಡಿಮೆ ಶೂನ್ಯಕ್ಕೆ ಹೋಗೋದಕ್ಕಿಂತ ಸಾವಿರ ಪಾಲು ಮೇಲು. 2019-20ಕ್ಕೆ ಕಟ್ಟಲು ಈ ಏಪ್ರಿಲ್ 5 ಕೊನೇ ದಿನ. ಬೆಂಗಳೂರು, ಮೈಸೂರು, ಮಂಗಳೂರಿಗೆ ವಾಪಸ್ ಬಂದ ಸ್ನೇಹಿತರು ಯಾರಾದರೂ ಇದ್ದರೆ ಇವತ್ತೇ ಹೇಳಿ.

ಒಂದು ಸೂಚನೆ: ಊರಿಗೆ ಬಂದ ಮೇಲೆ ಕೆಲಸ ಮಾಡದೆ ಇದ್ದವರಿಗೆ ಕ್ಲಾಸ್ 2 ಸಿಗಲ್ಲ, ಕ್ಲಾಸ್ 3 ಮಾತ್ರ. ಹಾಸನದವರೇ, ನೀವು ಇಲ್ಲಿ ಬಂದು ಸುಮ್ನೆ ಮನೆಯಲ್ಲಿ ಇರೋದಾದರೆ ಅದೇ ನಿಯಮ.

---

ಧಾರವಾಡ_ಪೇಢೆ (ಕಾರ್ಡಿಫ್), 12 ಜನವರಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ ರೀ, ಬೇಜಾರಾಗಬ್ಯಾಡ್ರಿ.

ನಮ್ಮ ಅಣ್ಣ ಬ್ರಿಸ್ಟಲ್‌ನಲ್ಲಿದ್ದ. 55ಕ್ಕೆ ಕೆಲಸ ಬಿಟ್ಟು ಐದು ವರ್ಷ ಬಿಡದೆ ಕ್ಲಾಸ್ 3 ಕಟ್ಟಿದ. 61ಕ್ಕೆ ಹೃದಯಾಘಾತ ಆಗಿ ಹೋಗಿಬಿಟ್ಟ. ಕಟ್ಟಿದ ಐದು ವರ್ಷದ ದುಡ್ಡಿನಿಂದ ಅತ್ತಿಗೆಗೆ ಏನೂ ಬರಲಿಲ್ಲ. ಹೊಸ ಸ್ಟೇಟ್ ಪೆನ್ಷನ್ ಸಾಮಾನ್ಯವಾಗಿ ಹೆಂಡತಿಗೆ ಹೋಗಲ್ಲ, ಅವರವರ ದಾಖಲೆ ಅವರವರದು. ಅದೇ ನಾಲ್ಕೂವರೆ ಸಾವಿರ ಪೌಂಡ್ ಒಂದು ಐಸಾ (ತೆರಿಗೆ ಇಲ್ಲದ ಉಳಿತಾಯ) ಖಾತೆಯಲ್ಲಿ ಇದ್ದಿದ್ದರೆ ಅತ್ತಿಗೆ ಕೈಗೆ ಬರುತ್ತಿತ್ತು.

ಲೆಕ್ಕದಲ್ಲಿ ಎರಡೂಮುಕ್ಕಾಲು ವರ್ಷ ಅಂತೀರಿ, ಖರೆ. ಆದರೆ ಆ ಲೆಕ್ಕ ಶುರು ಆಗೋದು 67ಕ್ಕೆ. ಅಲ್ಲಿಯವರೆಗೆ ಇರಬೇಕಲ್ಲ. ನಮ್ಮ ಮನೆತನದಾಗ ಸಕ್ಕರೆ ಕಾಯಿಲೆ, ಬಿಪಿ ಎಲ್ಲಾ ಇದೆ. ನಾನು ಕಟ್ಟಬೇಕೋ ಬ್ಯಾಡೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

---

ಲೆಕ್ಕದ_ಪುಸ್ತಕ (ಕ್ರಾಯ್ಡನ್), 12 ಜನವರಿ

ಅಣ್ಣನ ವಿಷಯ ಓದಿ ಸಂಕಟ ಆಯಿತು. ನೀವು ಹೇಳಿದ್ದು ನಿಜ. ನಾನು ಲೆಕ್ಕ ಹೇಳುವ ಭರದಲ್ಲಿ ಅದನ್ನು ಬಿಟ್ಟುಬಿಟ್ಟೆ, ಬಿಡಬಾರದಿತ್ತು.

ಇದಕ್ಕೆ ಒಂದು ದಾರಿ ಇದೆ. ಪ್ರತಿ ವರ್ಷದ್ದನ್ನು ಆಯಾ ವರ್ಷವೇ ಕಟ್ಟಬೇಕು ಅಂತಿಲ್ಲ. ಸಾಮಾನ್ಯವಾಗಿ ಆರು ವರ್ಷ ಸಮಯ ಇರುತ್ತೆ. ಆರೋಗ್ಯದ ಚಿಂತೆ ಇರುವವರು ದುಡ್ಡನ್ನು ತಮ್ಮ ಹತ್ತಿರವೇ ಇಟ್ಟುಕೊಂಡು, ಕೊನೇ ವರ್ಷಗಳಲ್ಲಿ ಹಿಂದಿನದನ್ನೆಲ್ಲ ಸೇರಿಸಿ ಕಟ್ಟಬಹುದು. 61ರಿಂದ ಮುಂದಿನ ಆರು ವರ್ಷಕ್ಕೆ ಈ ದಾರಿ ಸರಿಹೋಗುತ್ತೆ. ತೊಂದರೆ ಅಂದರೆ ದರ. ಹಿಂದಿನ ಎರಡು ವರ್ಷದ ಕ್ಲಾಸ್ 3 ಮಾತ್ರ ಹಳೇ ದರಕ್ಕೆ ಸಿಗುತ್ತೆ, ಅದಕ್ಕಿಂತ ಹಿಂದಿನದಕ್ಕೆ ಕಟ್ಟುವ ದಿನದ ದರ. ಜೊತೆಗೆ ಸರ್ಕಾರ ನಿಯಮ ಬದಲಾಯಿಸುವ ಭಯ ಇದ್ದೇ ಇದೆ, ಜಯನಗರದವರು ಹೇಳಿದ ಹಾಗೆ. ನನ್ನ ಕೇಳಿದರೆ, ಆರೋಗ್ಯ ಚೆನ್ನಾಗಿರುವವರು ಎರಡು ವರ್ಷಕ್ಕೊಮ್ಮೆ ಕಟ್ಟುತ್ತಾ ಹೋಗೋದು ಒಳ್ಳೇದು. ಹಳೇ ದರವೂ ಸಿಗುತ್ತೆ, ಯೋಚನೆ ಬದಲಿಸಲು ಜಾಗವೂ ಇರುತ್ತೆ.

---

ಕೊಡಗಿನ_ಕಾಫಿ (ಮಿಲ್ಟನ್ ಕೀನ್ಸ್), 13 ಜನವರಿ

923 ಕೊಡೋ ಮುಂಚೆ ಒಂದು ನಿಮಿಷ ನಿಲ್ಲಿ ಅಂಕಲ್. ಬೇಗ ನಿವೃತ್ತಿ ಆದವರು ಅಂದರೆ ಏನೂ ಮಾಡದೆ ಇರುವವರು ಅಂತಲ್ಲ ಅಲ್ವಾ?

ನನ್ನ ಅಮ್ಮ 59ಕ್ಕೆ ಕೆಲಸ ಬಿಟ್ಟರು. ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಕೋಣೆಯಲ್ಲಿ ವೀಣೆ ಪಾಠ ಹೇಳುತ್ತಾರೆ. ಚಾಪೆ ಹಾಸಿ ನಾಲ್ಕು ಮಕ್ಕಳು ಕೂರುತ್ತಾರೆ, ಸರಳೆ ವರಸೆಯಿಂದ ಶುರು. ಅದಕ್ಕೆ ಬರೋದು ವರ್ಷಕ್ಕೆ ಎರಡು ಸಾವಿರ ಪೌಂಡ್ ಇರಬಹುದು. ಅವರು ಸ್ವಂತ ಉದ್ಯೋಗಿ ಅಂತ ನೋಂದಾಯಿಸಿಕೊಂಡು ಪ್ರತಿ ವರ್ಷ ತೆರಿಗೆ ರಿಟರ್ನ್ ಹಾಕುತ್ತಾರೆ. ಲಾಭ 6,845 ಪೌಂಡ್‌ಗಿಂತ ಕಡಿಮೆ ಇದ್ದರೆ ಸ್ವಂತ ಉದ್ಯೋಗಿಗಳು ಇಷ್ಟಪಟ್ಟು ಕ್ಲಾಸ್ 2 ಕಟ್ಟಬಹುದು, ವರ್ಷಕ್ಕೆ 182. ರಿಟರ್ನ್‌ನಲ್ಲೇ ಒಂದು ಟಿಕ್. ಅದೇ ಒಂದು ವರ್ಷ ಸೇರುತ್ತೆ. ಏಪ್ರಿಲ್‌ನ ಬದಲಾವಣೆ ಹೊರದೇಶದಲ್ಲಿ ಇರುವವರಿಗೆ, ಇಲ್ಲಿರುವ ಸ್ವಂತ ಉದ್ಯೋಗಿಗಳಿಗಲ್ಲ. ಲಾಭ 6,845 ಮುಟ್ಟಿದರೆ ಇನ್ನೂ ಒಳ್ಳೇದು, ಏನೂ ಕಟ್ಟದೆ ವರ್ಷ ಸಿಗುತ್ತೆ.

ಇಲ್ಲವೇ ಎಲ್ಲಾದರೂ ವಾರಕ್ಕೆ ಒಂದೂವರೆ ದಿನ ಕೆಲಸ. ಒಂದೇ ಕಡೆ ವಾರಕ್ಕೆ 125 ಪೌಂಡ್ ಬಂದರೆ ಸಾಕು, ವರ್ಷ ಪೂರ್ತಿ ಲೆಕ್ಕಕ್ಕೆ ಬರುತ್ತೆ. 12,570ರವರೆಗೆ ನಿಮ್ಮ ಸಂಬಳದಿಂದ ಎನ್‌ಐ ಹಿಡಿಯೋದೇ ಇಲ್ಲ. ಎರಡು ಕಡೆ ಅರ್ಧರ್ಧ ಮಾಡಿದರೆ ಮಾತ್ರ ಸೇರಿಸಿ ಲೆಕ್ಕ ಹಾಕಲ್ಲ, ಹುಷಾರು.

ಆದರೆ ಸುಮ್ಮನೆ ಎನ್‌ಐಗೋಸ್ಕರ ವ್ಯಾಪಾರ ಇದೆ ಅಂತ ತೋರಿಸಬೇಡಿ. ನಿಜವಾಗಿ ಕೆಲಸ ಮಾಡುತ್ತಿರಬೇಕು, ರಸೀದಿ ಇರಬೇಕು. ಅಮ್ಮ ಪ್ರತಿ ಫೀಸನ್ನೂ ಒಂದು ನೀಲಿ ಪುಸ್ತಕದಲ್ಲಿ ಬರೆದಿಡುತ್ತಾರೆ.

---

ಮಲೆನಾಡ_ಮಳೆ (ಲೀಡ್ಸ್), 13 ಜನವರಿ

ಹಾಸನದವರೇ, ನಿಮ್ಮದನ್ನೇ ಹೇಳಿದಿರಿ, ನಿಮ್ಮ ಮನೆಯವರ ದಾಖಲೆ ನೋಡಿದಿರಾ? ಎಷ್ಟೋ ಮನೆಗಳಲ್ಲಿ ಗಂಡಸರದ್ದು ಮಾತ್ರ ನೋಡುತ್ತಾರೆ. ಮಕ್ಕಳು ಚಿಕ್ಕವರಿದ್ದಾಗ ಅವರು ಮನೆಯಲ್ಲಿ ಇದ್ದರಾ? ಮಕ್ಕಳಿಗೆ ಅಂತ ಸರ್ಕಾರ ಕೊಡುವ ದುಡ್ಡು, ಚೈಲ್ಡ್ ಬೆನಿಫಿಟ್, ಯಾರ ಹೆಸರಲ್ಲಿತ್ತು?

---

ಹಾಸನದ_ಹುಡುಗ (ರೆಡಿಂಗ್), 13 ಜನವರಿ

ನನ್ನ ಹೆಸರಲ್ಲಿ ಅಕ್ಕ. ಬ್ಯಾಂಕ್ ಖಾತೆ ನನ್ನದೇ ಇತ್ತು ಅಂತ ನಾನೇ ಅರ್ಜಿ ಹಾಕಿದ್ದೆ. ಅವಳು 2013ರಲ್ಲಿ ಶಾಲೆಯಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿದಳು. ಅದಕ್ಕೆ ಮುಂಚೆ ಮನೆಯಲ್ಲೇ ಇದ್ದಳು. ಇದೀಗ ಅವಳ ದಾಖಲೆ ತೆಗೆದೆವು. 12 ವರ್ಷ ಇದೆ. ಯಾಕೆ ಕೇಳಿದಿರಿ?

---

ಮಲೆನಾಡ_ಮಳೆ (ಲೀಡ್ಸ್), 13 ಜನವರಿ

ಅದಕ್ಕೇ ಕೇಳಿದ್ದು. 12 ವರ್ಷದೊಳಗಿನ ಮಗುವಿಗೆ ಚೈಲ್ಡ್ ಬೆನಿಫಿಟ್ ಪಡೆಯುವವರ ಹೆಸರಿಗೆ ಎನ್‌ಐ ಕ್ರೆಡಿಟ್ (ದುಡ್ಡು ಕಟ್ಟದೆಯೇ ವರ್ಷ ಲೆಕ್ಕಕ್ಕೆ ಬರೋದು) ತಾನಾಗಿಯೇ ಬೀಳುತ್ತೆ. ನೀವು ದುಡಿಯುತ್ತಿದ್ದಿರಿ, ನಿಮಗದು ಬೇಕಿರಲಿಲ್ಲ. ಅವರಿಗೆ ಬೇಕಿತ್ತು, ಅವರಿಗೆ ಸಿಗಲಿಲ್ಲ. ಮಕ್ಕಳನ್ನು ಬೆಳೆಸಿದ್ದು ಅವರು, ಕ್ರೆಡಿಟ್ ಬಿದ್ದಿದ್ದು ನಿಮಗೆ.

2010ರ ಏಪ್ರಿಲ್ ನಂತರದ ವರ್ಷಗಳ ಕ್ರೆಡಿಟ್ ಹೆಂಡತಿ ಹೆಸರಿಗೆ ವರ್ಗಾಯಿಸಲು ಸಿಎಫ್ 411ಎ ಅನ್ನೋ ಅರ್ಜಿ ಇದೆ. ತಡವಾಗಿದೆ, ಒಪ್ಪುತ್ತಾರೋ ಇಲ್ಲವೋ ಕೇಳಿ ನೋಡಬೇಕು. ಕೇಳಲು ದುಡ್ಡೇನೂ ಕೊಡಬೇಕಿಲ್ಲ. ಅದರ ಉತ್ತರ ಬರುವವರೆಗೆ ಅವರ ಹೆಸರಲ್ಲಿ ಕ್ಲಾಸ್ 3 ಕಟ್ಟಬೇಡಿ.

ಅಜ್ಜಿ ತಾತಂದಿರಿಗೂ ಒಂದು ಇದೆ. ಪೆನ್ಷನ್ ವಯಸ್ಸು ಆಗದ ಅಜ್ಜಿ, ಮಗಳೋ ಸೊಸೆಯೋ ಕೆಲಸಕ್ಕೆ ಹೋದಾಗ ಮೊಮ್ಮಗುವನ್ನು ನೋಡಿಕೊಳ್ಳುತ್ತಿದ್ದರೆ, ಮಗಳು ತನಗೆ ಬೇಡವಾದ ಕ್ರೆಡಿಟನ್ನು ಅಮ್ಮನಿಗೆ ಬಿಟ್ಟುಕೊಡಬಹುದು. ನನ್ನ ಉಳಿದ ವರ್ಷಗಳು ಈಗ ಹಾಗೇ ತುಂಬುತ್ತಿವೆ. ಮೊಮ್ಮಗಳಿಗೆ ಮೂರು ವರ್ಷ. ವಾರಕ್ಕೆ ಮೂರು ದಿನ ನನ್ನ ಹತ್ತಿರ ಇರುತ್ತಾಳೆ.

---

ಕಾವೇರಿ_ತೀರ (ಮೈಸೂರು), 14 ಜನವರಿ

ಊರಿಗೆ ಬರುವವರು ಇನ್ನೊಂದು ವಿಷಯ ತಿಳಿದಿರಿ. ಹೊರದೇಶದಲ್ಲಿರುವ ಪಿಂಚಣಿದಾರರಿಗೆ 'ಜೀವಂತ ಇದ್ದೀರಾ' ಅಂತ ಕೇಳುವ ಪತ್ರ ಬರುತ್ತೆ. ಅದಕ್ಕೆ ಸಾಕ್ಷಿ ಸಹಿ ಹಾಕಿಸಿ ವಾಪಸ್ ಕಳಿಸಬೇಕು. ಕಳಿಸದಿದ್ದರೆ ಪೆನ್ಷನ್ ನಿಲ್ಲುತ್ತೆ. ನಾನು ನಮ್ಮ ಡಾಕ್ಟರ ಹತ್ತಿರ ಸಹಿ ಹಾಕಿಸಿ, ರಿಜಿಸ್ಟರ್ ಪೋಸ್ಟ್ ಮಾಡಿ, ರಸೀದಿಯನ್ನು ಆ ನೋಟ್‌ಬುಕ್ಕಿಗೇ ಅಂಟಿಸುತ್ತೇನೆ. ವಿಳಾಸ ಬದಲಾದರೆ ಕೂಡಲೇ ತಿಳಿಸಿ.

ಎಲ್ಲರಿಗೂ ಸಂಕ್ರಾಂತಿ ಶುಭಾಶಯ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ.

---

ಹಾಸನದ_ಹುಡುಗ (ರೆಡಿಂಗ್), 2 ಫೆಬ್ರುವರಿ

ತಡವಾಗಿ ಬರೀತಿದ್ದೇನೆ, ಕ್ಷಮಿಸಿ. ಹೋದ ವಾರ ಫ್ಯೂಚರ್ ಪೆನ್ಷನ್ ಸೆಂಟರ್ ಅನ್ನೋ ಸರ್ಕಾರಿ ಪೆನ್ಷನ್ ಕಚೇರಿಗೆ ಫೋನ್ ಮಾಡಿದೆ. ಕಾದಿದ್ದು 40 ನಿಮಿಷ, ಮಾತಾಡಿದ್ದು 15 ನಿಮಿಷ. ಒಬ್ಬ ಹೆಣ್ಣುಮಗಳು ತುಂಬಾ ತಾಳ್ಮೆಯಿಂದ ಎಲ್ಲಾ ಹೇಳಿದರು. 2025-26 ಆಗಲೇ ಪೂರ್ತಿ ಆಗಿದೆ, ಕಟ್ಟಬೇಡಿ ಅಂದರು. ಮುಂದಿನ 9 ವರ್ಷದಲ್ಲಿ ಯಾವುದನ್ನು ಕಟ್ಟಿದರೂ ನನ್ನ ಪೆನ್ಷನ್‌ಗೆ ಸೇರುತ್ತೆ ಅಂತ ಖಚಿತ ಮಾಡಿದರು. 2009-10ನ್ನು ಏನಾದರೂ ಮಾಡಬಹುದಾ ಅಂತ ಕೇಳಿದೆ. ಆಗಲ್ಲ ಅಂದರು. ಆ ವರ್ಷ ಅಪ್ಪನ ಜೊತೆ ಇದ್ದೆನಲ್ಲ, ಅದಕ್ಕೆ ಬೆಲೆ ಕಟ್ಟಕ್ಕಾಗಲ್ಲ ಅಂತ ಹೆಂಡತಿ ಹೇಳಿದಳು. ಅದನ್ನು ಅಲ್ಲಿಗೇ ಬಿಟ್ಟೆ.

ಅವಳ ಸಿಎಫ್ 411ಎ ಅರ್ಜಿ ಶುಕ್ರವಾರ ಪೋಸ್ಟ್ ಮಾಡಿದೆವು. 2010-11, 11-12, 12-13, ಮೂರು ವರ್ಷಕ್ಕೆ ಕೇಳಿದ್ದೇವೆ. ಲೀಡ್ಸ್ ಅಕ್ಕ, ನೀವು ಕೇಳದೇ ಇದ್ದಿದ್ದರೆ ನನಗೆ ಇದು ಹೊಳೆಯುತ್ತಲೇ ಇರಲಿಲ್ಲ. 23 ವರ್ಷ ಜೊತೆಗೆ ಬಾಳಿ, ಅವಳ ದಾಖಲೆಯನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ಅವಳು ಇನ್ನೂ ಕೆಲಸ ಬಿಡಲ್ಲ ಅಂತಿದ್ದಾಳೆ.

ನನ್ನದು ಹೀಗೆ ಮಾಡೋಣ ಅಂತ. ನಮ್ಮ ಬೀದಿಯ ಇಬ್ಬರು ಮಕ್ಕಳಿಗೆ ಈಗಾಗಲೇ ಗಣಿತ ಹೇಳಿಕೊಡುತ್ತಿದ್ದೇನೆ, ದುಡ್ಡು ತಗೊಂಡಿರಲಿಲ್ಲ. ಏಪ್ರಿಲ್‌ನಿಂದ ಸರಿಯಾಗಿ ಫೀಸ್ ತಗೊಂಡು, ಸ್ವಂತ ಉದ್ಯೋಗಿ ಅಂತ ನೋಂದಾಯಿಸಿ, ಕ್ಲಾಸ್ 2 ಕಟ್ಟುತ್ತೇನೆ. ಅದು ನಿಂತ ವರ್ಷ ಕ್ಲಾಸ್ 3. ಊರಿಗೆ ಹೋಗೋದೋ ಇಲ್ಲಿರೋದೋ ಅನ್ನೋದು 67ಕ್ಕೆ ನೋಡೋಣ. ಚಳಿಗಾಲ ಹಾಸನದಲ್ಲಿ, ಬೇಸಿಗೆ ಇಲ್ಲಿ ಅಂತ ಹೆಂಡತಿ ಒಂದು ಮಾತು ಎತ್ತಿದ್ದಾಳೆ. ಮೈಸೂರಿನ ಸರ್, ಹಾಗೆ ವರ್ಷಕ್ಕೆ ಐದಾರು ತಿಂಗಳು ಇಲ್ಲಿರುವವರು ನಿಮಗೆ ಯಾರಾದರೂ ಗೊತ್ತಾ? ಅವರು ಹೇಗೆ ತಿಳಿಸುತ್ತಾರೆ, ಏರಿಕೆ ಹೇಗೆ ಸಿಗುತ್ತೆ ಅಂತ ಕೇಳಿ ಹೇಳಿದರೆ ಉಪಕಾರ ಆಗುತ್ತೆ.

---

ಕಾವೇರಿ_ತೀರ (ಮೈಸೂರು), 2 ಫೆಬ್ರುವರಿ

ಗೋಕುಲಂನಲ್ಲಿ ಒಬ್ಬರು ದಂಪತಿ ಇದ್ದಾರೆ, ಹಾಗೇ ಓಡಾಡುತ್ತಾರೆ. ಬೆಳಿಗ್ಗೆ ವಾಕಿಂಗ್‌ಗೆ ಕುಕ್ಕರಹಳ್ಳಿ ಕೆರೆಗೆ ಬರುತ್ತಾರೆ. ನಾಳೆ ಕೇಳಿ ಬರೀತೀನಿ.